ಮಳೆಗಾಲದ ಎರೆ ರಸ್ತೆಗಳಿಗೆ ಸೂಕ್ತ ವಾಹನದ ಆಯ್ಕೆ
(ಬಾಗಲಕೋಟೆ, ಬಾದಾಮಿ, ಹುನಗುಂದ ಮತ್ತು ಇಳಕಲ್ ಭಾಗದ ಸಾರ್ವಜನಿಕರ ಮಾಹಿತಿಗಾಗಿ)

1. ಪೀಠಿಕೆ

ಬಾಗಲಕೋಟೆ ಜಿಲ್ಲೆಯಲ್ಲಿ ಹಿಮ ಬೀಳುವುದಿಲ್ಲ. ರಸ್ತೆಯ ಮೇಲೆ ನೀರು ಹೆಪ್ಪುಗಟ್ಟುವುದೂ ಇಲ್ಲ. ಆದರೂ ಮಳೆಯಲ್ಲಿ ನೆನೆದ ಎರೆ ಮಣ್ಣಿನ ಮೇಲೆ ವಾಹನ ನಡೆಸುವವರು ಎದುರಿಸುವ ತೊಂದರೆಯು ಹಿಮಪ್ರದೇಶದ ಚಾಲಕರ ತೊಂದರೆಗೆ ಬಹುಮಟ್ಟಿಗೆ ಸಮಾನವಾದುದು. ಚಕ್ರಕ್ಕೆ ಹಿಡಿತ ದೊರೆಯುವುದಿಲ್ಲ, ಬ್ರೇಕ್ ಹಾಕಿದರೂ ವಾಹನ ನಿಲ್ಲುವುದಿಲ್ಲ, ಸ್ಟೇರಿಂಗ್ ತಿರುಗಿಸಿದರೂ ವಾಹನ ತಿರುಗುವುದಿಲ್ಲ. ವಾಹನ ಕೊಳ್ಳುವವರು ಸಾಮಾನ್ಯವಾಗಿ ಬೆಲೆ, ಮೈಲೇಜ್ ಮತ್ತು ಬಣ್ಣವನ್ನು ವಿಚಾರಿಸುತ್ತಾರೆ. ತಾವು ದಿನನಿತ್ಯ ಸಂಚರಿಸುವ ದಾರಿಯ ಮಣ್ಣು ಎಂತಹುದು ಎಂಬುದನ್ನು ಗಮನಕ್ಕೆ ತೆಗೆದುಕೊಳ್ಳುವವರು ವಿರಳ. ಈ ಕೊರತೆಯನ್ನು ನೀಗಿಸುವ ಉದ್ದೇಶದಿಂದ ಈ ಕೆಳಕಂಡ ಮಾಹಿತಿಯನ್ನು ನೀಡಲಾಗಿದೆ. ಇಲ್ಲಿ ಯಾವುದೇ ಕಂಪನಿಯ ವಾಹನವನ್ನು ಶಿಫಾರಸು ಮಾಡಿರುವುದಿಲ್ಲ.

2. ಈ ಭಾಗದ ಮಣ್ಣು ಮತ್ತು ರಸ್ತೆಗಳು

ಜಿಲ್ಲೆಯಲ್ಲಿ ವಾರ್ಷಿಕ ಮಳೆಯ ಪ್ರಮಾಣ ಕಡಿಮೆ. ಆದರೆ ಅದರ ಗಣನೀಯ ಪಾಲು ಸೆಪ್ಟೆಂಬರ್ ಮತ್ತು ಅಕ್ಟೋಬರ್ ತಿಂಗಳುಗಳ ಕೆಲವೇ ದಿನಗಳಲ್ಲಿ ಸುರಿಯುವುದರಿಂದ ರಸ್ತೆಯ ಸ್ಥಿತಿ ಒಂದೇ ದಿನದಲ್ಲಿ ಬದಲಾಗುತ್ತದೆ. ಸಂಚಾರದ ದೃಷ್ಟಿಯಿಂದ ಈ ಭಾಗದ ರಸ್ತೆಗಳನ್ನು ಮೂರು ಬಗೆಯಾಗಿ ವಿಂಗಡಿಸಬಹುದು.

(ಅ) ಎರೆ ಭೂಮಿಯ ದಾರಿಗಳು: ಹುನಗುಂದ ಸುತ್ತಲಿನ ಹೊಲಗಳ ದಾರಿಗಳು ಬಹುಪಾಲು ಈ ಬಗೆಯವು. ಎರೆ ಮಣ್ಣಿನಲ್ಲಿರುವ ಜೇಡಿಯು ನೀರು ಹೀರಿ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಬಿರಿಯುತ್ತದೆ. ನೆನೆದಾಗ ಮೇಲ್ಪದರವು ಎಣ್ಣೆ ಸವರಿದಂತೆ ಜಾರುತ್ತದೆ. ಅದರ ಕೆಳಗಿನ ಪದರ ಚಕ್ರಕ್ಕೆ ಮೆತ್ತಿಕೊಳ್ಳುತ್ತದೆ.

(ಆ) ಮಸಾರಿ ಮತ್ತು ಮರಳುಗಲ್ಲಿನ ದಾರಿಗಳು: ಬಾದಾಮಿಯ ಗುಡ್ಡಗಳ ಸುತ್ತ ಇವು ಹೆಚ್ಚು. ಇಲ್ಲಿ ನೀರು ಬೇಗ ಬಸಿದು ಹೋಗುತ್ತದೆ. ರಾಡಿಗಿಂತ ಕಲ್ಲು, ಕೊರಕಲು ಮತ್ತು ದಿಢೀರನೆ ಹರಿದು ಬರುವ ಹಳ್ಳಗಳೇ ಇಲ್ಲಿನ ಅಪಾಯ.

(ಇ) ಡಾಂಬರು ಮತ್ತು ಕಾಂಕ್ರೀಟ್ ರಸ್ತೆಗಳು: ಹುನಗುಂದ, ಇಳಕಲ್ ಮೂಲಕ ಸಾಗುವ ರಾಷ್ಟ್ರೀಯ ಹೆದ್ದಾರಿ 50 (ಹಿಂದಿನ 13) ಇದಕ್ಕೆ ಉದಾಹರಣೆ. ಹೊಲದಿಂದ ಹೊರಬರುವ ಟ್ರ್ಯಾಕ್ಟರುಗಳ ಗಾಲಿಗಳಿಂದ ಉದುರಿದ ಎರೆ ಮಣ್ಣು ಡಾಂಬರಿನ ಮೇಲೆ ಹರಡಿ, ತುಂತುರು ಮಳೆಗೂ ಜಾರುಪದರವಾಗುತ್ತದೆ. ವೇಗವಾಗಿ ಬರುವ ಚಾಲಕನಿಗೆ ಈ ಪದರ ದೂರದಿಂದ ಕಾಣುವುದಿಲ್ಲ.

3. ಹಿಡಿತ ಮತ್ತು ನಿಲ್ಲುವ ದೂರ

ಗಂಟೆಗೆ 40 ಕಿ.ಮೀ. ವೇಗದಲ್ಲಿರುವ ವಾಹನಕ್ಕೆ ಬ್ರೇಕ್ ಹಾಕಿದ ಮೇಲೆ ಅದು ನಿಲ್ಲಲು ಬೇಕಾಗುವ ದೂರವನ್ನು ಚಕ್ರ ಮತ್ತು ನೆಲದ ನಡುವಿನ ಘರ್ಷಣೆಯ ಆಧಾರದ ಮೇಲೆ ಲೆಕ್ಕ ಹಾಕಿದರೆ ಅಂದಾಜು ಹೀಗಿರುತ್ತದೆ:

- ಒಣ ಡಾಂಬರು (ಘರ್ಷಣಾಂಕ 0.7): 9 ಮೀಟರ್
- ನೆನೆದ ಜೇಡಿ ಮಣ್ಣು (ಘರ್ಷಣಾಂಕ 0.2): 31 ಮೀಟರ್
- ಮಂಜುಗಡ್ಡೆ (ಘರ್ಷಣಾಂಕ 0.1): 63 ಮೀಟರ್

ಚಾಲಕನು ಅಪಾಯವನ್ನು ಕಂಡು ಬ್ರೇಕ್ ಒತ್ತುವ ಒಂದು ಸೆಕೆಂಡಿನಲ್ಲಿ ವಾಹನವು ಇನ್ನೂ 11 ಮೀಟರ್ ಮುಂದೆ ಸಾಗಿರುತ್ತದೆ. ಈ ಲೆಕ್ಕದಲ್ಲಿ ವಾಹನದ ಬೆಲೆಗೆ ಸ್ಥಾನವಿಲ್ಲ. ದುಬಾರಿ ವಾಹನವೂ ಅಗ್ಗದ ವಾಹನವೂ ನೆಲದ ಹಿಡಿತವನ್ನೇ ಅವಲಂಬಿಸಿ ನಿಲ್ಲಬೇಕು. ವೇಗವನ್ನು ಅರ್ಧಕ್ಕೆ ಇಳಿಸಿದರೆ ಬ್ರೇಕ್ ಹಾಕಿದ ನಂತರದ ದೂರವು ನಾಲ್ಕನೆಯ ಒಂದು ಭಾಗಕ್ಕೆ ಇಳಿಯುತ್ತದೆ.

4. ಆಯ್ಕೆಯಲ್ಲಿ ಪರಿಶೀಲಿಸಬೇಕಾದ ಅಂಶಗಳು

4.1 ಟೈರುಗಳು: ವಾಹನದಲ್ಲಿ ನೆಲವನ್ನು ಮುಟ್ಟುವ ಭಾಗ ಟೈರು ಒಂದೇ. ಆದ್ದರಿಂದ ಹಣವನ್ನು ಮೊದಲು ಟೈರಿಗೆ, ನಂತರ ಉಳಿದ ಸೌಲಭ್ಯಗಳಿಗೆ ವೆಚ್ಚ ಮಾಡುವುದು ಸೂಕ್ತ. ಕೇಂದ್ರ ಮೋಟಾರು ವಾಹನ ನಿಯಮಗಳು, 1989ರಂತೆ ಟೈರಿನ ಗೀರುಗಳ ಆಳವು ಕಾರು ಮೊದಲಾದ ವಾಹನಗಳಲ್ಲಿ 1.6 ಮಿ.ಮೀ.ಗಿಂತ, ದ್ವಿಚಕ್ರ ಮತ್ತು ತ್ರಿಚಕ್ರ ವಾಹನಗಳಲ್ಲಿ 0.8 ಮಿ.ಮೀ.ಗಿಂತ ಕಡಿಮೆ ಇರಕೂಡದು. ಗೀರುಗಳ ನಡುವೆ ಇರುವ ಸಣ್ಣ ದಿಬ್ಬಗಳು ಟೈರಿನ ಮೇಲ್ಮೈಗೆ ಸಮನಾದರೆ ಟೈರು ಸವೆದಿದೆ ಎಂದು ತಿಳಿಯಬೇಕು. ಇದು ಕಾನೂನಿನ ಕನಿಷ್ಠ ಮಿತಿ ಮಾತ್ರ. ರಾಡಿಯ ದಾರಿಗೆ ಇದಕ್ಕಿಂತ ಹೆಚ್ಚಿನ ಆಳ ಅಗತ್ಯ. ಟೈರಿನ ಪಕ್ಕೆಯ ಮೇಲಿನ ನಾಲ್ಕು ಅಂಕಿಗಳು ತಯಾರಿಕೆಯ ವಾರ ಮತ್ತು ವರ್ಷವನ್ನು ಸೂಚಿಸುತ್ತವೆ. ಉದಾಹರಣೆಗೆ 3523 ಎಂದಿದ್ದರೆ 2023ನೆಯ ಇಸವಿಯ 35ನೆಯ ವಾರ.

ದಿನವೂ ಎರೆ ದಾರಿಯಲ್ಲಿ ಸಾಗುವವರಿಗೆ ಅಗಲ ಗೀರಿನ ಟೈರುಗಳು ಉಪಯುಕ್ತ. ಅಗಲವಾದ ಗೀರುಗಳಿಂದ ಮಣ್ಣು ಸಿಡಿದು ಹೋಗಿ ಟೈರು ತನ್ನನ್ನು ತಾನೇ ಶುಚಿಗೊಳಿಸಿಕೊಳ್ಳುತ್ತದೆ. ಕಿರಿದಾದ ಗೀರುಗಳು ಮಣ್ಣಿನಿಂದ ತುಂಬಿ ಟೈರು ಬೋಳಾದಂತೆ ವರ್ತಿಸುತ್ತದೆ. ಆದರೆ ಪೂರ್ಣವಾಗಿ ರಾಡಿಗೆಂದೇ ತಯಾರಾದ ಟೈರುಗಳು ನೆನೆದ ಡಾಂಬರಿನ ಮೇಲೆ ಅಷ್ಟು ಚೆನ್ನಾಗಿ ಹಿಡಿಯುವುದಿಲ್ಲ. ಎರಡೂ ಬಗೆಯ ರಸ್ತೆ ಬಳಸುವವರಿಗೆ ಮಧ್ಯಮ ಗೀರಿನ ಟೈರು ಯೋಗ್ಯ.

4.2 ಬ್ರೇಕ್: ಚಕ್ರ ಕಚ್ಚಿಕೊಳ್ಳದಂತೆ ತಡೆಯುವ ಎ.ಬಿ.ಎಸ್. ವ್ಯವಸ್ಥೆಯು 2019ರ ಏಪ್ರಿಲ್‌ನಿಂದ ಹೊಸ ಕಾರುಗಳಲ್ಲಿ ಕಡ್ಡಾಯವಾಗಿದೆ. ಅದಕ್ಕಿಂತ ಹಳೆಯ ವಾಹನ ಕೊಳ್ಳುವವರು ಈ ಸೌಲಭ್ಯ ಇದೆಯೇ ಎಂದು ಖಚಿತಪಡಿಸಿಕೊಳ್ಳಬೇಕು. ಎ.ಬಿ.ಎಸ್. ಇದ್ದರೆ ಬ್ರೇಕ್ ಹಾಕಿದಾಗಲೂ ಸ್ಟೇರಿಂಗ್ ಚಾಲಕನ ಹಿಡಿತದಲ್ಲಿರುತ್ತದೆ. ಆದರೆ ಅದು ನೆಲದಲ್ಲಿ ಇಲ್ಲದ ಹಿಡಿತವನ್ನು ತಂದುಕೊಡುವುದಿಲ್ಲ. ಸಡಿಲ ಮಣ್ಣಿನ ಮೇಲೆ ನಿಲ್ಲುವ ದೂರ ಕೆಲವೊಮ್ಮೆ ಹೆಚ್ಚಲೂಬಹುದು. ಅಡ್ಡ ಜಾರುವುದನ್ನು ತಡೆಯುವ ಇ.ಎಸ್.ಸಿ. ವ್ಯವಸ್ಥೆ ಇರುವ ಮಾದರಿ ದೊರೆತಲ್ಲಿ ಅದಕ್ಕೆ ಆದ್ಯತೆ ನೀಡುವುದು ಒಳ್ಳೆಯದು. 2023ರ ಅಕ್ಟೋಬರ್ 1ರಿಂದ ಜಾರಿಯಲ್ಲಿರುವ ಭಾರತ್ ಎನ್‌ಕ್ಯಾಪ್ ಪರೀಕ್ಷೆಯ ನಕ್ಷತ್ರ ಶ್ರೇಣಿಯನ್ನೂ ನೋಡಬಹುದು.

4.3 ನೆಲದಿಂದ ಇರುವ ಅಂತರ: ಗ್ರೌಂಡ್ ಕ್ಲಿಯರೆನ್ಸ್ ಎಂದು ಕರೆಯುವ ಈ ಅಳತೆ ಸಣ್ಣ ಕಾರುಗಳಲ್ಲಿ ಸಾಮಾನ್ಯವಾಗಿ 160ರಿಂದ 170 ಮಿ.ಮೀ. ಇರುತ್ತದೆ. ಟ್ರ್ಯಾಕ್ಟರ್ ಓಡಾಡಿ ಆಳವಾದ ಗಾಲಿ ಗೆರೆಗಳಾಗಿರುವ ದಾರಿಯಲ್ಲಿ ಇಂತಹ ಕಾರಿನ ತಳ ನಡುವಿನ ದಿಬ್ಬಕ್ಕೆ ತಾಗಿ, ಚಕ್ರಗಳು ಹಿಡಿತ ಕಳೆದುಕೊಳ್ಳುತ್ತವೆ. ಇಂತಹ ದಾರಿಗೆ 180 ಮಿ.ಮೀ. ಅಥವಾ ಅದಕ್ಕೂ ಹೆಚ್ಚಿನ ಅಂತರವಿರುವ ವಾಹನ ಸೂಕ್ತ. ಕುಟುಂಬದವರು ಮತ್ತು ಸಾಮಾನು ತುಂಬಿದಾಗ ಅಂತರ ಇಳಿಯುವುದೆಂಬುದನ್ನು ನೆನಪಿಡಬೇಕು. ಅಂತರ ಹೆಚ್ಚಿದಂತೆ ತಿರುವಿನಲ್ಲಿ ವಾಹನ ಮಗುಚುವ ಸಂಭವವೂ ಹೆಚ್ಚುವುದರಿಂದ ಹೆದ್ದಾರಿಯಲ್ಲಿಯೇ ಸಂಚರಿಸುವವರಿಗೆ ಎತ್ತರದ ವಾಹನ ಅಗತ್ಯವಿಲ್ಲ.

4.4 ಚಾಲನೆ ಪಡೆಯುವ ಚಕ್ರಗಳು: ಮುಂಚಕ್ರಗಳಿಗೆ ಚಾಲನೆ ಇರುವ ಕಾರುಗಳಲ್ಲಿ ಇಂಜಿನಿನ ತೂಕ ಅದೇ ಚಕ್ರಗಳ ಮೇಲೆ ಬೀಳುವುದರಿಂದ ಜಾರುವ ನೆಲದಲ್ಲಿ ಹೊರಡಲು ಅನುಕೂಲ. ಹಿಂಚಕ್ರಗಳಿಗೆ ಚಾಲನೆ ಇರುವ ಸರಕು ಪಿಕಪ್‌ಗಳು ಖಾಲಿ ಇದ್ದಾಗ ಹಿಂಭಾಗ ಹಗುರಾಗಿ ಬೇಗ ಜಾರುತ್ತವೆ. ನಾಲ್ಕೂ ಚಕ್ರಗಳಿಗೆ ಚಾಲನೆ ಇರುವ ವಾಹನವು ಎರೆಯಲ್ಲಿ ಸಿಕ್ಕಿಬೀಳದೆ ಮುಂದೆ ಸಾಗಲು ನಿಜಕ್ಕೂ ಸಹಾಯಕ. ಆದರೆ ಅದು ಹೊರಡಲು ನೆರವಾಗುತ್ತದೆಯೇ ಹೊರತು ನಿಲ್ಲಲು ನೆರವಾಗುವುದಿಲ್ಲ. ಸುಲಭವಾಗಿ ಹೊರಟಿತೆಂಬ ಧೈರ್ಯದಿಂದ ಚಾಲಕನು ವೇಗ ಹೆಚ್ಚಿಸುವುದೇ ಇಂತಹ ವಾಹನಗಳ ದೊಡ್ಡ ಅಪಾಯ. ಬೇಕಾದಾಗ ಮಾತ್ರ ನಾಲ್ಕು ಚಕ್ರದ ಚಾಲನೆಗೆ ಬದಲಿಸುವ ಮಾದರಿಗಳಲ್ಲಿ ಒಣ ಡಾಂಬರಿನ ಮೇಲೆ ಅದನ್ನು ಬಳಸಿದರೆ ಯಂತ್ರಭಾಗಗಳಿಗೆ ಹಾನಿಯಾಗುತ್ತದೆ.

4.5 ವಿದ್ಯುತ್ ವಾಹನಗಳು: ಹಲವು ವಾಹನಗಳ ಬ್ಯಾಟರಿಗೆ ಐ.ಪಿ.67 ದರ್ಜೆ ಇರುತ್ತದೆ. ಒಂದು ಮೀಟರ್ ಆಳದ ನೀರಿನಲ್ಲಿ 30 ನಿಮಿಷ ಇದ್ದರೂ ನೀರು ಒಳನುಗ್ಗದು ಎಂಬುದು ಇದರ ಅರ್ಥ. ಇದು ಬ್ಯಾಟರಿಯ ರಕ್ಷಣೆಗೆ ಸಂಬಂಧಿಸಿದ್ದು. ಹರಿಯುವ ನೀರಿನಲ್ಲಿ ವಾಹನ ನಡೆಸಲು ನೀಡಿದ ಅನುಮತಿಯಲ್ಲ.

5. ಬಳಕೆಗೆ ತಕ್ಕ ಆಯ್ಕೆ

- ಬಾಗಲಕೋಟೆ ನವನಗರ, ವಿದ್ಯಾಗಿರಿ ಅಥವಾ ಇಳಕಲ್ ಪಟ್ಟಣದಲ್ಲಿ ವಾಸಿಸಿ, ಪಕ್ಕಾ ರಸ್ತೆಯಲ್ಲಿ ಮಾತ್ರ ಸಂಚರಿಸುವವರಿಗೆ: ಎ.ಬಿ.ಎಸ್. ಇರುವ ಸಾಧಾರಣ ಕಾರು ಮತ್ತು ಉತ್ತಮ ಟೈರುಗಳು ಸಾಕು.
- ಬಾದಾಮಿ, ಪಟ್ಟದಕಲ್ಲು, ಐಹೊಳೆಗಳಿಗೆ ಪ್ರವಾಸಿಗರನ್ನು ಕರೆದೊಯ್ಯುವವರಿಗೆ: 170 ಮಿ.ಮೀ.ಗಿಂತ ಹೆಚ್ಚು ಅಂತರ, ಗಟ್ಟಿ ಪಕ್ಕೆಯ ಟೈರು, ಕೆಲಸ ಮಾಡುವ ಬಿಡಿ ಚಕ್ರ.
- ಹುನಗುಂದದ ಎರೆ ಹೊಲಗಳಿಗೆ ಹಂಗಾಮಿನಲ್ಲಿ ಹೋಗಿಬರುವವರಿಗೆ: 180 ಮಿ.ಮೀ. ಮೀರಿದ ಅಂತರ ಮತ್ತು ಅಗಲ ಗೀರಿನ ಟೈರು. ಸಾಧ್ಯವಿದ್ದಲ್ಲಿ ನಾಲ್ಕು ಚಕ್ರದ ಚಾಲನೆ. ವರ್ಷದಲ್ಲಿ ಕೆಲವೇ ದಿನಗಳ ಅಗತ್ಯಕ್ಕಾಗಿ ಸಾಲ ಮಾಡುವ ಬದಲು ಗರಸು ಹಾಕಿದ ರಸ್ತೆಯಂಚಿನಲ್ಲಿ ಕಾರು ನಿಲ್ಲಿಸಿ ನಡೆದು ಹೋಗುವುದು ಅಥವಾ ಮಣ್ಣು ಹದಕ್ಕೆ ಬರುವವರೆಗೆ ಕಾಯುವುದು ಮಿತವ್ಯಯದ ಮಾರ್ಗ.
- ಕೃಷಿ ಕೂಲಿಕಾರರನ್ನು ಕರೆದೊಯ್ಯುವವರಿಗೆ: ಪ್ರಯಾಣಿಕ ವಾಹನವೆಂದು ನೋಂದಣಿಯಾದ ವಾಹನ ಮಾತ್ರ. ಟ್ರ್ಯಾಕ್ಟರ್ ಟ್ರೇಲರ್ ಮತ್ತು ಸರಕು ವಾಹನಗಳಲ್ಲಿ ಜನರನ್ನು ಸಾಗಿಸುವಂತಿಲ್ಲ. ಟಂಟಂ ವಾಹನದಲ್ಲಿ ಮಿತಿ ಮೀರಿ ಜನರನ್ನು ಕೂರಿಸಿದರೆ ಜಾರುವ ನೆಲದಲ್ಲಿ ಅದು ಮಗುಚುವ ಸಂಭವ ಹೆಚ್ಚು.

ದ್ವಿಚಕ್ರ ವಾಹನಗಳು: ಎರೆ ಮಣ್ಣು ಮಡ್‌ಗಾರ್ಡ್ ಮತ್ತು ಚಕ್ರದ ನಡುವೆ ತುಂಬಿಕೊಂಡು ಚಕ್ರವೇ ಕಚ್ಚಿಕೊಳ್ಳುವುದು ಈ ಭಾಗದ ಸವಾರರಿಗೆ ಹೊಸದಲ್ಲ. ಆದ್ದರಿಂದ ಮುಂದಿನ ಮಡ್‌ಗಾರ್ಡ್ ಮತ್ತು ಚಕ್ರದ ನಡುವೆ ಸಾಕಷ್ಟು ಜಾಗವಿರುವ, ದೊಡ್ಡ ಚಕ್ರದ ಮೋಟಾರ್ ಸೈಕಲ್ ಹಳ್ಳಿಯ ದಾರಿಗೆ ಯೋಗ್ಯ. ಸಣ್ಣ ಚಕ್ರದ ಸ್ಕೂಟರ್ ಪಟ್ಟಣಕ್ಕೆ ಯೋಗ್ಯ. ರಾಡಿಯಲ್ಲಿ ಮುಂದಿನ ಬ್ರೇಕನ್ನು ಒಮ್ಮೆಲೇ ಹಿಡಿಯಕೂಡದು.

6. ಯಾವ ವಾಹನಕ್ಕೂ ಸಲ್ಲದ ದಾರಿ: ನೀರು ಹರಿಯುವ ಸೇತುವೆ

ಜಿಲ್ಲೆಯಲ್ಲಿ ಕೃಷ್ಣಾ, ಘಟಪ್ರಭಾ ಮತ್ತು ಮಲಪ್ರಭಾ ನದಿಗಳು ಹರಿಯುತ್ತವೆ. ಮಲಪ್ರಭೆಯ ನೀರು ಬೆಳಗಾವಿ ಜಿಲ್ಲೆಯ ನವಿಲುತೀರ್ಥ ಜಲಾಶಯದಿಂದ, ಘಟಪ್ರಭೆಯ ನೀರು ಹಿಡಕಲ್ ಜಲಾಶಯದಿಂದ ಬಿಡುಗಡೆಯಾಗುತ್ತದೆ. ಹೀಗಾಗಿ ಬಾದಾಮಿಯಲ್ಲಿ ಬಿಸಿಲಿದ್ದರೂ ನದಿಯ ಮಟ್ಟ ಏರಬಹುದು. ಸ್ಥಳೀಯ ಮಳೆಯನ್ನು ನೋಡಿ ಸೇತುವೆಯ ಸ್ಥಿತಿಯನ್ನು ಊಹಿಸುವುದು ತಪ್ಪು. 2009ರ ಸೆಪ್ಟೆಂಬರ್ ಅಂತ್ಯ ಹಾಗೂ ಅಕ್ಟೋಬರ್ ಆರಂಭದಲ್ಲಿಯೂ, 2019ರ ಆಗಸ್ಟ್‌ನಲ್ಲಿಯೂ ಜಿಲ್ಲೆಯು ತೀವ್ರ ಪ್ರವಾಹ ಕಂಡಿತು. 2019ರಲ್ಲಿ ಪಟ್ಟದಕಲ್ಲಿನ ದೇವಾಲಯಗಳ ಆವರಣಕ್ಕೇ ಮಲಪ್ರಭೆಯ ನೀರು ನುಗ್ಗಿತ್ತು.

ಹರಿಯುವ ನೀರಿನ ಬಲದ ಬಗ್ಗೆ ಸಾಮಾನ್ಯವಾಗಿ ಅಂಗೀಕೃತವಾದ ಅಳತೆಗಳು ಹೀಗಿವೆ:

- 15 ಸೆಂ.ಮೀ. ರಭಸದ ನೀರು ವಯಸ್ಕ ವ್ಯಕ್ತಿಯನ್ನು ಕೆಡವಬಲ್ಲದು.
- 30 ಸೆಂ.ಮೀ. ನೀರು ಬಹುತೇಕ ಸಣ್ಣ ಕಾರುಗಳನ್ನು ಎಳೆದೊಯ್ಯಬಲ್ಲದು.
- 60 ಸೆಂ.ಮೀ. ನೀರು ಎತ್ತರದ, ಭಾರವಾದ ವಾಹನಗಳನ್ನೂ ಎಳೆದೊಯ್ಯಬಲ್ಲದು.

30 ಸೆಂ.ಮೀ. ಎಂದರೆ ಮೊಣಕಾಲಿಗೂ ಬಾರದ ನೀರು. ನೀರಿನ ಕೆಳಗೆ ಸೇತುವೆಯ ಅಂಚು ಕಾಣುವುದಿಲ್ಲ, ರಸ್ತೆ ಕೊಚ್ಚಿಹೋಗಿದ್ದರೂ ತಿಳಿಯುವುದಿಲ್ಲ. ಮುಂದೆ ಹೋದ ಟ್ರ್ಯಾಕ್ಟರ್ ದಾಟಿತೆಂಬುದು ಹಿಂದಿನ ಕಾರಿಗೆ ಆಧಾರವಾಗಲಾರದು. ಸುತ್ತು ದಾರಿಯ ಹತ್ತಿಪ್ಪತ್ತು ಕಿಲೋಮೀಟರಿನ ಇಂಧನದ ವೆಚ್ಚವು ಒಂದು ಜೀವದ ಎದುರು ಲೆಕ್ಕಕ್ಕೆ ಬರುವುದಿಲ್ಲ. ತಡೆಬೇಲಿ ಹಾಕಿದ್ದಲ್ಲಿ ಅದನ್ನು ಸರಿಸಿ ಹೋಗಕೂಡದು.

7. ಹಳೆಯ ವಾಹನ ಖರೀದಿಸುವವರ ಗಮನಕ್ಕೆ

ಪ್ರವಾಹದಲ್ಲಿ ಮುಳುಗಿದ ವಾಹನಗಳನ್ನು ತೊಳೆದು ಮಾರಾಟ ಮಾಡುವ ಸಾಧ್ಯತೆ ಇರುವುದರಿಂದ ಕೆಳಕಂಡವುಗಳನ್ನು ಪರಿಶೀಲಿಸಬೇಕು:

(1) ಸೀಟ್ ಬೆಲ್ಟನ್ನು ಪೂರ್ತಿ ಎಳೆದು ಕೆಸರಿನ ಕಲೆ ಇದೆಯೇ ಎಂದು ನೋಡುವುದು.
(2) ನೆಲಹಾಸನ್ನು ಎತ್ತಿ ಒಣ ಮಣ್ಣು ಮತ್ತು ಮುಗ್ಗುಲು ವಾಸನೆಯನ್ನು ಗಮನಿಸುವುದು.
(3) ಆಸನದ ಕಂಬಿ ಹಾಗೂ ಬಿಡಿ ಚಕ್ರದ ಗುಂಡಿಯಲ್ಲಿ ತುಕ್ಕು ಇದೆಯೇ ಎಂದು ನೋಡುವುದು.
(4) ದೀಪಗಳ ಗಾಜಿನೊಳಗೆ ನೀರಿನ ಗೆರೆ ಇದೆಯೇ ಎಂದು ನೋಡುವುದು.
(5) ನೋಂದಣಿ ವಿವರಗಳನ್ನು ಎಂ-ಪರಿವಾಹನ್ ಮೂಲಕ ತಾಳೆ ನೋಡುವುದು.

8. ಮಾರ್ಪಾಡು ಮತ್ತು ವಿಮೆ

ಮೋಟಾರು ವಾಹನ ಕಾಯ್ದೆ, 1988ರ ಕಲಂ 52ರಂತೆ, ನೋಂದಣಿ ಪ್ರಮಾಣಪತ್ರದಲ್ಲಿನ ವಿವರಗಳು ತಯಾರಕರ ಮೂಲ ವಿನ್ಯಾಸಕ್ಕಿಂತ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. ರಾಡಿಗೆ ಅನುಕೂಲವೆಂದು ವಾಹನವನ್ನು ಎತ್ತರಿಸುವ ಮುನ್ನ, ಅಳತೆ ಮೀರಿದ ಟೈರು ಹಾಕಿಸುವ ಮುನ್ನ ಪ್ರಾದೇಶಿಕ ಸಾರಿಗೆ ಕಚೇರಿಯಲ್ಲಿ ವಿಚಾರಿಸಬೇಕು. ಮುಂಭಾಗಕ್ಕೆ ಕಬ್ಬಿಣದ ಗಾರ್ಡ್ ಅಳವಡಿಸಕೂಡದೆಂದು ಕೇಂದ್ರ ಸಾರಿಗೆ ಸಚಿವಾಲಯವು 2017ರ ಡಿಸೆಂಬರ್‌ನಲ್ಲಿ ಸೂಚಿಸಿದೆ.

ನೀರು ನುಗ್ಗಿದ ಇಂಜಿನನ್ನು ಮತ್ತೆ ಚಾಲೂ ಮಾಡಿ ಉಂಟಾದ ಹಾನಿಯು ಸಾಮಾನ್ಯ ಸಮಗ್ರ ವಿಮೆಯಲ್ಲಿ ಬಹುಮಟ್ಟಿಗೆ ಸೇರುವುದಿಲ್ಲ. ಅದಕ್ಕೆ ಇಂಜಿನ್ ರಕ್ಷಣೆಯ ಹೆಚ್ಚುವರಿ ವಿಮೆ ಬೇಕು. ನೀರಿನಲ್ಲಿ ನಿಂತುಹೋದ ವಾಹನವನ್ನು ಪುನಃ ಚಾಲೂ ಮಾಡದೆ ಎಳೆಸಿಕೊಂಡು ಹೋಗಬೇಕು.

9. ಹಿಮಪ್ರದೇಶಕ್ಕೆ ತೆರಳುವವರಿಗೆ

ಉದ್ಯೋಗ ಅಥವಾ ಪ್ರವಾಸದ ನಿಮಿತ್ತ ಚಳಿಗಾಲದಲ್ಲಿ ಹಿಮಾಚಲ ಪ್ರದೇಶ, ಲಡಾಖ್ ಮುಂತಾದೆಡೆ ವಾಹನ ನಡೆಸುವವರು ಇಲ್ಲಿನ ಟೈರುಗಳನ್ನು ನೆಚ್ಚಿಕೊಳ್ಳಕೂಡದು. ತೀವ್ರ ಚಳಿಯಲ್ಲಿ ಸಾಧಾರಣ ಟೈರಿನ ರಬ್ಬರ್ ಗಡುಸಾಗಿ ಹಿಡಿತ ಕುಗ್ಗುತ್ತದೆ, ಸಾಧಾರಣ ಡೀಸೆಲ್ ಗಟ್ಟಿಯಾಗಿ ಇಂಜಿನಿಗೆ ಹರಿಯದಿರಬಹುದು. ಹಿಮಕ್ಕೆ ತಕ್ಕ ಟೈರು ಅಥವಾ ಚಕ್ರಕ್ಕೆ ಕಟ್ಟುವ ಸರಪಳಿ, ರೇಡಿಯೇಟರಿಗೆ ಘನೀಕರಣ ತಡೆಯುವ ದ್ರವ ಅಗತ್ಯ. ಅನುಭವಿ ಸ್ಥಳೀಯ ಚಾಲಕನ ವಾಹನದಲ್ಲಿ ಪ್ರಯಾಣಿಸುವುದು ಹೆಚ್ಚು ಕ್ಷೇಮಕರ.

10. ಸಾರಾಂಶ

ಮೊದಲು ದಾರಿಯ ಮಣ್ಣನ್ನು ತಿಳಿಯುವುದು, ನಂತರ ಟೈರು, ಅನಂತರ ಬ್ರೇಕ್, ಆಮೇಲೆ ನೆಲದಿಂದ ಇರುವ ಅಂತರ, ಕೊನೆಯಲ್ಲಿ ನಾಲ್ಕು ಚಕ್ರದ ಚಾಲನೆ: ಆಯ್ಕೆಯು ಈ ಅನುಕ್ರಮದಲ್ಲಿರುವುದು ಸೂಕ್ತ. ಇವೆಲ್ಲ ಇದ್ದರೂ ನೆನೆದ ಎರೆಯ ಮೇಲೆ ವೇಗ ತಗ್ಗಿಸುವುದಕ್ಕೆ ಹಾಗೂ ನೀರು ಹರಿಯುವ ಸೇತುವೆಯಿಂದ ಹಿಂದಿರುಗುವುದಕ್ಕೆ ಪರ್ಯಾಯವಿಲ್ಲ.

ತುರ್ತು ಸಂದರ್ಭಗಳಲ್ಲಿ 112, ಅಂಬುಲೆನ್ಸ್‌ಗಾಗಿ 108, ರಾಷ್ಟ್ರೀಯ ಹೆದ್ದಾರಿ ಸಹಾಯಕ್ಕಾಗಿ 1033 ಮತ್ತು ಪ್ರವಾಹ ಮಾಹಿತಿಗಾಗಿ ಜಿಲ್ಲಾ ನಿಯಂತ್ರಣ ಕೊಠಡಿಯ 1077 ಸಂಖ್ಯೆಗೆ ಕರೆ ಮಾಡಬಹುದಾಗಿದೆ. ಸಾರ್ವಜನಿಕರು ಮೇಲ್ಕಂಡ ಮಾಹಿತಿಯ ಸದುಪಯೋಗ ಪಡೆದುಕೊಳ್ಳಲು ಕೋರಲಾಗಿದೆ.