ಮಾಟುಂಗದಲ್ಲಿ ಒಂದು ರಾತ್ರಿ

ಶನಿವಾರ ಸಂಜೆ ಮಗಳೊಂದಿಗೆ ಮುಂಬೈಯ ಷಣ್ಮುಖಾನಂದ ಸಭಾಂಗಣದಲ್ಲಿ ಕಛೇರಿ ಕೇಳಿ, ಮಾಟುಂಗ ಸ್ಟೇಷನ್ನಿನ ಕಡೆಗೆ ನಡೆದು, ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗಿನಲ್ಲಿ ಊಟಕ್ಕೆ ಕುಳಿತೆ. ಬಾಳೆಲೆಯ ಮೇಲೆ ಅನ್ನ, ಸಾರು.

ಈ ಬೋರ್ಡಿಂಗ್ ಶುರುವಾದದ್ದು 1942ರಲ್ಲಿ. ನೌಕರಿಗಾಗಿ ದಕ್ಷಿಣದಿಂದ ಬಂದವರಿಗೆ ಇಲ್ಲಿ ಮನೆಯೂಟದ ರುಚಿ ಬೇಕಿತ್ತು. ಸಂಗೀತವೂ ಬೇಕಿತ್ತು. 1952ರಲ್ಲಿ ಮೂರು ಸಭೆಗಳು ಒಂದಾಗಿ ಷಣ್ಮುಖಾನಂದ ಸಭೆಯಾಯಿತು. 1963ರಲ್ಲಿ ಸಭಾಂಗಣ ಎದ್ದಿತು.

ಹಾಡಿದವರ ಹೆಸರು ಚರಿತ್ರೆಯಲ್ಲಿದೆ, ಎಲೆ ತೆಗೆದ ಹುಡುಗರದ್ದು ಇಲ್ಲ. ನನ್ನ ದೊಡ್ಡಪ್ಪ ಅಂಥ ಒಬ್ಬ ಹುಡುಗ. ಕುಂದಾಪುರದ ಕಡೆಯಿಂದ ಹದಿಮೂರನೇ ವಯಸ್ಸಿಗೆ ಬಂದು, ಇಲ್ಲೇ ಒಂದು ಹೋಟೆಲಿನಲ್ಲಿ ಹಗಲು ಲೋಟ ತೊಳೆದು, ರಾತ್ರಿ ಕನ್ನಡ ಶಾಲೆಯಲ್ಲಿ ಓದಿದರು. ಮುಂಬೈಯ ಕನ್ನಡ ರಾತ್ರಿಶಾಲೆಗಳು ನಡೆದದ್ದೇ ಇಂಥವರಿಂದ. ಅವರು ಊರಿಗೆ ಕಳಿಸಿದ ಮನಿಯಾರ್ಡರಿನಲ್ಲಿ ನನ್ನ ಅಪ್ಪ ಓದಿದರು. ಅಪ್ಪನ ಸಂಬಳದಲ್ಲಿ ನಾನು ಎಂಟೆಕ್ ಮಾಡಿದೆ. ಸಭಾಂಗಣದ ಎದುರೇ ಓಡಾಡಿದ ದೊಡ್ಡಪ್ಪ ಒಮ್ಮೆಯೂ ಕಛೇರಿಗೆ ಟಿಕೆಟ್ ಕೊಂಡಿರಲಿಲ್ಲ.

ಇದನ್ನೆಲ್ಲ ಮಗಳಿಗೆ ಹೇಳಿದೆ. ಅವಳು ಬಡಿಸುತ್ತಿದ್ದವರನ್ನು ಕನ್ನಡದಲ್ಲೇ ಕೇಳಿದಳು, “ನಿಮ್ಮ ಊರು ಯಾವುದು ಅಂಕಲ್?”

“ಬೈಂದೂರು ಮಗಾ” ಎಂದು ಅವರು ಇನ್ನೊಂದು ಸೌಟು ಸಾರು ಹಾಕಿದರು.