ಗೌರಿಬಿದನೂರಿನ ತಂತಿಗಳೂ ಸಂತಮಸವೆಂಬ ಲೋಕವೂ

ಉತ್ತರ ಪಿನಾಕಿನಿಯ ಸೀಮೆಯಾದ ಗೌರಿಬಿದನೂರಿಗೆ ನೆಲದ ನಡುಕವನ್ನು ಆಲಿಸುವ ಉಪಕರಣಗಳ ಸಾಲು 1965ರಲ್ಲಿ ಬಂದಿತು; ಆಕಾಶವನ್ನು ಆಲಿಸುವ ರೇಡಿಯೋ ದೂರದರ್ಶಕವು, ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆ ಮತ್ತು ಭಾರತೀಯ ಖಭೌತ ಸಂಸ್ಥೆಗಳ ಕೂಡುಪ್ರಯತ್ನದಿಂದ 1976ರಲ್ಲಿ ಕೆಲಸಕ್ಕೆ ತೊಡಗಿತು. ದೂರದರ್ಶಕವೆಂದೊಡನೆ ಗುಮ್ಮಟವನ್ನೂ ಮಸೂರವನ್ನೂ ನಿರೀಕ್ಷಿಸಿ ಹೋದವನಿಗೆ ಅಲ್ಲಿ ದೊರೆಯುವುದು ಕಂಬಗಳ ಮೇಲೆ ಹಬ್ಬಿಸಿದ ತಂತಿಗಳ ಹಂದರ: ಪೂರ್ವಪಶ್ಚಿಮವಾಗಿ 1.38 ಕಿಲೋಮೀಟರ್, ದಕ್ಷಿಣಕ್ಕೆ 0.45 ಕಿಲೋಮೀಟರ್, ಒಟ್ಟು 1000 ದ್ವಿಧ್ರುವಗಳು. ಈ ಯಂತ್ರವು ಅಲುಗಾಡುವುದಿಲ್ಲ. ಭೂಮಿಯ ಆವರ್ತನದಿಂದ ಆಕಾಶವೇ ಅದರ ಮೇಲೆ ಹಾದುಹೋಗುತ್ತದೆ. ಅದು ಗ್ರಹಿಸುವ ಅಲೆಗಳ ಆವೃತ್ತಿ 34.5 ಮೆಗಾಹರ್ಟ್ಸ್, ಉದ್ದ ಸುಮಾರು 8.7 ಮೀಟರ್.

ಈ ಹಂದರದ ಫಲಗಳಲ್ಲಿ ನನಗೆ ಹಿರಿದೆನಿಸುವುದು ಕೆ. ಎಸ್. ದ್ವಾರಕಾನಾಥ್ ಮತ್ತು ಎನ್. ಉದಯಶಂಕರರು 1990ರಲ್ಲಿ ಪ್ರಕಟಿಸಿದ ಆಕಾಶದ ನಕ್ಷೆ. ಖಗೋಳದ ವಿಷುವದ್ವೃತ್ತಕ್ಕೆ ಸಮೀಪದಲ್ಲಿದ್ದು ಬರಿಗಣ್ಣಿಗೆ ಗೋಚರಿಸದ ಒಂದು ನಕ್ಷತ್ರವಿರುವ ಭಾಗವೂ ಆ ನಕ್ಷೆಯೊಳಗೆ ಸೇರಿತ್ತು. ಆದರೆ ಅದಕ್ಕೊಂದು ಗ್ರಹವುಂಟೆಂಬುದು ತಿಳಿದದ್ದು 2006ರಲ್ಲಿ. 2019ರಲ್ಲಿ ಅಂತರರಾಷ್ಟ್ರೀಯ ಖಗೋಳ ಒಕ್ಕೂಟವು ಭಾರತೀಯರ ಆಯ್ಕೆಯಂತೆ ನಕ್ಷತ್ರಕ್ಕೆ ಕಾಸ್ಮಿಕ್ ಕಿರಣಗಳ ವಿಜ್ಞಾನಿ ಬಿಭಾ ಚೌಧುರಿಯವರ ನೆನಪಿಗೆ ಬಿಭಾ ಎಂದೂ, ಗ್ರಹಕ್ಕೆ ಸಂತಮಸವೆಂದೂ ಹೆಸರಿಟ್ಟಿತು.

ಸಂತಮಸದ ವಿಷಯದಲ್ಲಿ ಅಳೆದು ಹೇಳಬಹುದಾದುದು ಅಲ್ಪ. ಅದರ ಒಂದು ವರ್ಷವೆಂದರೆ ನಮ್ಮ 2.14 ದಿವಸ, ತೂಕವು ಗುರುಗ್ರಹದ ಒಂದೂವರೆ ಪಾಲಿಗೆ ಕಡಿಮೆಯಿಲ್ಲ, ನಕ್ಷತ್ರದಿಂದ ದೂರವು ಸೂರ್ಯನಿಂದ ನಮಗಿರುವ ದೂರದ ಇಪ್ಪತ್ತರಲ್ಲೊಂದು ಪಾಲೂ ಇಲ್ಲ, ನಮ್ಮಿಂದಲೋ ಸುಮಾರು 340 ಜ್ಯೋತಿರ್ವರ್ಷ. ಗ್ರಹವನ್ನು ಯಾರೂ ಕಂಡವರಿಲ್ಲ, ಅದರ ಸೆಳೆತಕ್ಕೆ ನಕ್ಷತ್ರವು ತೊನೆಯುವುದನ್ನಷ್ಟೆ ಕಂಡರು. ಮಿಕ್ಕದ್ದೆಲ್ಲ ಕಲ್ಪನೆಗೆ ಬಿಟ್ಟ ಭೂಮಿ. ಒಂದೇ ಮುಖವನ್ನು ಸದಾ ನಕ್ಷತ್ರಕ್ಕೊಡ್ಡಿ, ನಿಲ್ಲಲು ನೆಲವೇ ಇಲ್ಲದ ಆ ಅನಿಲಗೋಳದ ಹಗಲಿನ ಪಾರ್ಶ್ವದಲ್ಲಿ ಎಂದೂ ಮುಳುಗದ ರವಿಬಿಂಬವು ನಮ್ಮ ಸೂರ್ಯನ ಮೂವತ್ತು ಪಾಲಿಗೂ ಮಿಕ್ಕಿದ ಅಗಲದಿಂದ ಉರಿಯುತ್ತಿರಬಹುದು. ಕಾದ ಗಾಳಿಯು ಇರುಳಿನ ಪಾರ್ಶ್ವಕ್ಕೆ ಧಾವಿಸಿ, ಖನಿಜಗಳ ಧೂಳನ್ನೇ ಮೋಡವಾಗಿ ಹೆಪ್ಪುಗಟ್ಟಿಸುತ್ತಿರಬಹುದು. ಲೆಕ್ಕಕ್ಕೆ ವಿರೋಧವಾಗದ ಇಂಥ ಕಲ್ಪನೆಯನ್ನು ವಿಜ್ಞಾನವು ದೂರವಿಡಬೇಕಾದುದಿಲ್ಲ.

ಗೌರಿಬಿದನೂರಿನ ವಿದ್ಯೆಗೂ ಸಂತಮಸಕ್ಕೂ ನಂಟಿರುವುದು ಗುರುವಿನ ಮೂಲಕ. ಗುರುಗ್ರಹವು ರೇಡಿಯೋ ಅಲೆಗಳನ್ನು ಹೊರಸೂಸುವುದನ್ನು 1955ರಲ್ಲಿ ಅಮೆರಿಕದ ಬರ್ಕ್ ಮತ್ತು ಫ್ರಾಂಕ್ಲಿನ್ ಕಂಡುಹಿಡಿದರು. ಅದರ ಕಾಂತಕ್ಷೇತ್ರದಿಂದ ಹುಟ್ಟುವ ಆ ಅಲೆಗಳು ಸುಮಾರು 40 ಮೆಗಾಹರ್ಟ್ಸ್‌ವರೆಗೆ ಮಾತ್ರ ಏರುತ್ತವೆ. ಸಂತಮಸಕ್ಕೂ ಅಷ್ಟೇ ಬಲದ ಕಾಂತಕ್ಷೇತ್ರವಿದ್ದಲ್ಲಿ ಅದರ ದನಿಯು 34.5ನ್ನು ಮುಟ್ಟಬಹುದು, ಇಷ್ಟು ದೂರದಿಂದ ಬರುವಷ್ಟರಲ್ಲಿ ಅತ್ಯಂತ ಕ್ಷೀಣವಾದರೂ. ಕ್ಷೇತ್ರವು ಗುರುವಿನದಕ್ಕಿಂತ ತೀರ ದುರ್ಬಲವಾಗಿದ್ದರೆ ಆವೃತ್ತಿಯು 10 ಮೆಗಾಹರ್ಟ್ಸ್‌ಗಿಂತ ಕೆಳಗಿಳಿದು, ನಮ್ಮ ಅಯಾನುಗೋಳವೇ ಅದನ್ನು ತಡೆದುಬಿಡುತ್ತದೆ; ಆಗ ಗೌರಿಬಿದನೂರಿನಂಥ ಹಂದರವನ್ನು ಚಂದ್ರನ ಆಚೆಯ ಮಗ್ಗುಲಲ್ಲಿ ಹಾಕಬೇಕಾದೀತು.