ಅಕೀಮಿನೀಸ್

ಪರ್ಷಿಯದ ರಾಜಕುಮಾರ, ಈಜಿಪ್ಟಿನ ಕ್ಷತ್ರಪ (ಪ್ರಾಂತಾಧಿಪತಿ), ಗ್ರೀಸಿನ ಮೇಲಿನ ದಂಡಯಾತ್ರೆಯಲ್ಲಿ ಈಜಿಪ್ಟಿನ ನೌಕಾಪಡೆಯ ದಂಡನಾಯಕ. ಒಂದನೆಯ ಡೇರಿಯಸ್ ಮತ್ತು ರಾಣಿ ಅಟೋಸಾ ಇವನ ತಂದೆತಾಯಿ. ಚಕ್ರವರ್ತಿ ಕ್ಸರ್ಕ್ಸೀಸ್ ಒಡಹುಟ್ಟಿದ ಅಣ್ಣ. ರಾಜವಂಶದ ಮೂಲಪುರುಷನ ಹೆಸರೂ ಇದೇ. ಆತ ಬೇರೆ, ಈತ ಬೇರೆ. ಇವನ ಚರಿತ್ರೆ ಬಹುಮಟ್ಟಿಗೆ ತಿಳಿದುಬರುವುದು ಗ್ರೀಕ್ ಇತಿಹಾಸಕಾರ ಹೆರೊಡೊಟಸನಿಂದ.

ಡೇರಿಯಸ್ ತೀರಿಕೊಳ್ಳುವ ಹೊತ್ತಿಗೆ (ಕ್ರಿ.ಪೂ. 486) ಈಜಿಪ್ಟ್ ದಂಗೆಯೆದ್ದಿತ್ತು. ಕ್ಸರ್ಕ್ಸೀಸ್ ಅದನ್ನು ಅಡಗಿಸಿ, ಆ ಸೀಮೆಯನ್ನು ತಮ್ಮನ ವಶಕ್ಕೆ ಕೊಟ್ಟ.

ಕ್ರಿ.ಪೂ. 480ರಲ್ಲಿ ಕ್ಸರ್ಕ್ಸೀಸ್ ಗ್ರೀಸಿನ ಮೇಲೆ ನಡೆಸಿದ ದಂಡಯಾತ್ರೆಯಲ್ಲಿ 1,207 ಯುದ್ಧನೌಕೆಗಳಿದ್ದವೆಂದು ಹೆರೊಡೊಟಸ್ ಬರೆಯುತ್ತಾನೆ. ಈ ಸಂಖ್ಯೆಯನ್ನು ಇಂದಿನ ವಿದ್ವಾಂಸರಲ್ಲಿ ಅನೇಕರು ಒಪ್ಪುವುದಿಲ್ಲ. ಹಡಗು ನಡೆಸುತ್ತಿದ್ದವರು ಫಿನೀಷಿಯನ್ನರು, ಈಜಿಪ್ಟಿನವರು, ಅಯೋನಿಯದ ಗ್ರೀಕರು. ದಂಡನಾಯಕರು ಮಾತ್ರ ಪರ್ಷಿಯನ್ನರು. ನಾಲ್ವರು ದಂಡನಾಯಕರಲ್ಲಿ ಅಕೀಮಿನೀಸ್ ಮತ್ತು ಅರಿಯಾಬಿಗ್ನೀಸ್ ಡೇರಿಯಸನ ಮಕ್ಕಳೇ. ಅಧೀನ ಜನರ ಹಡಗುಗಳನ್ನು ಹಿಡಿತದಲ್ಲಿಡಲು ಅರಸು ಮನೆತನ ಸ್ವಂತ ರಕ್ತವನ್ನೇ ನಂಬಿತ್ತೆನ್ನಬೇಕು. ಅಕೀಮಿನೀಸನ ಪಾಲಿಗೆ ಬಂದ ಈಜಿಪ್ಟಿನ 200 ಹಡಗುಗಳ ಯೋಧರು ದೊಡ್ಡ ಕೊಡಲಿ, ಉದ್ದನೆಯ ಈಟಿ ಹಿಡಿದ ಗಟ್ಟಿಗರು. ಆರ್ಟಿಮೀಸಿಯಮ್ ಕಾಳಗದಲ್ಲಿ ಐದು ಗ್ರೀಕ್ ಹಡಗುಗಳನ್ನು ಸಿಬ್ಬಂದಿ ಸಮೇತ ಸೆರೆಹಿಡಿದು, ಕ್ಸರ್ಕ್ಸೀಸನ ಕಡೆಯವರಲ್ಲಿ ಎಲ್ಲರಿಗಿಂತ ಮಿಗಿಲೆನಿಸಿದರು.

ಥರ್ಮಾಪಿಲೆಯ ಯುದ್ಧ ಮುಗಿದ ಮೇಲೆ, ಪದಚ್ಯುತನಾಗಿ ಪರ್ಷಿಯದ ಆಶ್ರಯದಲ್ಲಿದ್ದ ಸ್ಪಾರ್ಟದ ಅರಸ ಡೆಮರಾಟಸ್ ಒಂದು ಉಪಾಯ ಹೇಳಿದ: 300 ಹಡಗುಗಳನ್ನು ಸ್ಪಾರ್ಟದ ಸಮೀಪದ ಸಿಥೆರಾ ದ್ವೀಪಕ್ಕೆ ಕಳುಹಿಸಿದರೆ ಸ್ಪಾರ್ಟದವರು ತಮ್ಮ ಮನೆ ಕಾಯಲು ಹಿಂದಿರುಗುತ್ತಾರೆ. ಅಕೀಮಿನೀಸ್ ಇದನ್ನು ಬಲವಾಗಿ ವಿರೋಧಿಸಿದ. ಬಿರುಗಾಳಿಗೆ ಆಗಲೇ 400 ಹಡಗು ನಾಶವಾಗಿವೆ, ಇನ್ನೂ 300 ಬೇರ್ಪಟ್ಟರೆ ಶತ್ರು ನಮಗೆ ಸರಿಸಮನಾಗುತ್ತಾನೆ ಎಂಬುದು ಅವನ ವಾದ. ಡೆಮರಾಟಸನ ನಿಷ್ಠೆಯನ್ನೂ ಅವನು ಶಂಕಿಸಿದ. ಆ ಶಂಕೆಯನ್ನು ಕ್ಸರ್ಕ್ಸೀಸ್ ಒಪ್ಪಲಿಲ್ಲ, ಆದರೆ ಸಲಹೆ ತಮ್ಮನದನ್ನೇ ಸ್ವೀಕರಿಸಿದ. ಲೆಕ್ಕವೇನೋ ಸರಿಯಾಗಿತ್ತು. ಆದರೆ ಬಳಿಕ ಸಲಾಮಿಸಿನ ಇಕ್ಕಟ್ಟಾದ ಜಲಸಂಧಿಯಲ್ಲಿ ನಡೆದ ಕಾಳಗದಲ್ಲಿ ಹಡಗುಗಳ ದಟ್ಟಣೆಯೇ ಪರ್ಷಿಯಕ್ಕೆ ಮುಳುವಾಯಿತು. ಅರಿಯಾಬಿಗ್ನೀಸ್ ಅಲ್ಲಿ ಮಡಿದ. ಸೋಲಿನ ಹೊಣೆಯನ್ನು ಅಕೀಮಿನೀಸನೊಬ್ಬನ ಮೇಲೆ ಹೊರಿಸುವುದು ನ್ಯಾಯವಲ್ಲ: ಆ ಜಲಸಂಧಿಯೊಳಗೆ ನುಗ್ಗುವ ತೀರ್ಮಾನ ಚಕ್ರವರ್ತಿಯದು.

ಕ್ಸರ್ಕ್ಸೀಸನ ಮಗ ಅರ್ಟಾಕ್ಸರ್ಕ್ಸೀಸನ ಕಾಲದಲ್ಲಿ ಲಿಬಿಯದ ನಾಯಕ ಇನಾರಸ್ ಈಜಿಪ್ಟನ್ನು ಮತ್ತೆ ಎತ್ತಿಕಟ್ಟಿದ. ಸುಮಾರು ಕ್ರಿ.ಪೂ. 460ರಲ್ಲಿ ನೈಲ್ ಮುಖಜಭೂಮಿಯ ಪಾಪ್ರೆಮಿಸ್‌ನಲ್ಲಿ ನಡೆದ ಯುದ್ಧದಲ್ಲಿ ಅಕೀಮಿನೀಸ್ ಹತನಾದ. ಅಥೆನ್ಸಿನ ಬೆಂಬಲವಿದ್ದರೂ ದಂಗೆ ಕೆಲವು ವರ್ಷಗಳಲ್ಲಿ ಮುರಿದುಬಿತ್ತು. ಪರ್ಷಿಯನ್ ಸೇನಾನಿ ಮೆಗಬೈಜಸ್ ಈಜಿಪ್ಟನ್ನು ಮರಳಿ ಗೆದ್ದ. ಸೆರೆಸಿಕ್ಕ ಇನಾರಸನನ್ನು ಶೂಲಕ್ಕೇರಿಸಲಾಯಿತು.